ಫೋನಿನಲ್ಲಿ ಇಟ್ಟದ್ದು, ಪುಸ್ತಕಕ್ಕೆ ಬಂದದ್ದು

ಇವತ್ತು ನಾನು ಎರಡು ವಸ್ತು ತಂದಿದ್ದೇನೆ. ಒಂದು ನನ್ನ ಫೋನು. ಇನ್ನೊಂದು ಈ ದಪ್ಪ ನೋಟ್‌ಬುಕ್ಕು. ಚಿತ್ರ, ಕಸೂತಿ, ಹೆಣಿಗೆ, ಕಾಗದದ ಕೆಲಸ ಅಂತ ಕೂಡಿಸಿಟ್ಟ ಫೋಟೊ, ವಿಡಿಯೊ, ಲಿಂಕುಗಳು ಫೋನಿನಲ್ಲಿ ಸಾವಿರಗಟ್ಟಲೆ ಇವೆ. ನೋಟ್‌ಬುಕ್ಕಿನಲ್ಲಿ ತುಂಬಿರುವುದು 61 ಪುಟ ಮಾತ್ರ. ಇಂಟರ್‌ನೆಟ್ಟಿನಲ್ಲಿ ನೋಡಿದ್ದನ್ನು ಕೂತು ಮಾಡಿ ನೋಡಿದ ಪುಟಗಳು ಇವು. ನಿಮಗೆ ಇಷ್ಟವಾದ ಆನ್‌ಲೈನ್ ಜಾಗಗಳ ಬಗ್ಗೆ ಹೇಳಿ ಅಂತ ನನ್ನನ್ನು ಕರೆದಾಗ, ಯಾವುದನ್ನು ತೆರೆದು ಹೇಳಲಿ ಅಂತ ಯೋಚಿಸಿದೆ. ನೋಟ್‌ಬುಕ್ಕನ್ನೇ ತೆರೆಯುತ್ತೇನೆ. ಫೋನು ಚೀಲದಲ್ಲೇ ಇರಲಿ.

ಈ ಪುಸ್ತಕಕ್ಕೆ ನಾನು ಹಾಕಿಕೊಂಡ ಕಟ್ಟಳೆ ಒಂದೇ. ಎಲ್ಲಾದರೂ ಒಂದು ಚೆಂದದ ಸಂಗತಿ ಕಂಡರೆ ಮೂರು ದಿನದೊಳಗೆ ಅದನ್ನು ಒಂದು ಪುಟ ಮಾಡಬೇಕು. ಚೆನ್ನಾಗಿ ಬರಲೇಬೇಕು ಅಂತಿಲ್ಲ. ಪುಟದ ಮೂಲೆಯಲ್ಲಿ ಮೂರು ಸಾಲು ಬರೆಯಬೇಕು. ಯಾರು ಮಾಡಿದ್ದು, ಎಲ್ಲಿ ನೋಡಿದೆ, ನನ್ನ ಕೈಯಲ್ಲಿ ಏನಾಯಿತು. ಮೂರು ದಿನ ಕಳೆದರೂ ಕೈ ಹಚ್ಚದೇ ಹೋದರೆ ಬಿಟ್ಟುಬಿಡುತ್ತೇನೆ. ಸುಮ್ನೆ ಇಟ್ಟುಕೊಂಡಿದ್ದು ನನಗೆ ಸಿಕ್ಕಿದ ಹಾಗೆ ಅಲ್ಲ ಅಂತ ಅರ್ಥ ಮಾಡಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು.

ಇಂಥ ಪುಸ್ತಕಕ್ಕೆ ಆರ್ಟ್ ಜರ್ನಲ್ ಅನ್ನುತ್ತಾರೆ. ಹಾಗಂದರೇನು ಅಂತ ಇಲ್ಲಿ ಕೆಲವರಿಗೆ ಗೊತ್ತಿಲ್ಲದಿರಬಹುದು. ಚಿತ್ರ, ಬಣ್ಣ, ಅಂಟಿಸಿದ ಚೂರು, ನಾಲ್ಕು ಮಾತು, ಕೆಲವೊಮ್ಮೆ ಎರಡು ಹೊಲಿಗೆ, ಎಲ್ಲ ಒಟ್ಟಿಗೆ ಇರುವ ದಿನಚರಿ. ಅಷ್ಟೇ. ಚಿತ್ರ ಬರೆಯಲು ಬರಬೇಕು ಅಂತೇನೂ ಇಲ್ಲ.

ಮೊದಲ ಪುಟ ನೋಡಿ. ಹಿಂದೆ ಕೂತವರಿಗೂ ಕಾಣಲಿ ಅಂತ ಎತ್ತಿ ಹಿಡಿಯುತ್ತೇನೆ. ಇಲ್ಲಿ ಒಂದೇ ನೀಲಿ ಇದೆ. ಐದು ಚೌಕ. ಎಡಗಡೆ ಕಡುನೀಲಿ, ಬಲಗಡೆ ಇನ್ನೇನು ಮಾಯವಾಗುವಷ್ಟು ತೆಳು. ಇದನ್ನು ಮಾಡಿಸಿದ್ದು 1692ರ ಒಂದು ಕೈಬರಹದ ಪುಸ್ತಕ. ಬೋಗರ್ಟ್ ಅನ್ನುವ ಹೆಸರಿನಲ್ಲಿ ಡಚ್ ಭಾಷೆಯಲ್ಲಿ ಬರೆದದ್ದು. ಜಲವರ್ಣ ಬೆರೆಸುವುದು ಹೇಗೆ ಅನ್ನುವುದೇ ಅದರ ವಿಷಯ. ಒಂದು ಪಾಲು ನೀರು ಹಾಕಿದರೆ ಬಣ್ಣ ಹೀಗೆ, ಎರಡು ಪಾಲು ಹಾಕಿದರೆ ಹೀಗೆ, ಮೂರು ಪಾಲಿಗೆ ಹೀಗೆ ಅಂತ ಒಂದೊಂದನ್ನೂ ಹಚ್ಚಿ ತೋರಿಸುತ್ತಾ 700ಕ್ಕೂ ಹೆಚ್ಚು ಪುಟ ತುಂಬಿಸಿದ್ದಾರೆ. ಕೈಯಲ್ಲಿ ಬರೆದು, ಕೈಯಲ್ಲೇ ಬಣ್ಣ ಹಚ್ಚಿದ ಪುಸ್ತಕ. ಹೆಚ್ಚು ಜನರ ಕಣ್ಣಿಗೆ ಬೀಳುವುದು ಸಾಧ್ಯವೇ ಇರಲಿಲ್ಲ. ಈಗ ಅದು ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಊರಿನ ಮೆಜಾನ್ ಗ್ರಂಥಾಲಯದಲ್ಲಿದೆ. ಹಳೆಯ ಹಸ್ತಪ್ರತಿಗಳನ್ನು ಅಧ್ಯಯನ ಮಾಡುವ ಎರಿಕ್ ಕ್ವಾಕೆಲ್ 2014ರಲ್ಲಿ ಅದರ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಬರೆದರು. ಆಮೇಲೆ ಪ್ರಪಂಚದ ಎಷ್ಟೋ ಚಿತ್ರಕಾರರು ಅದನ್ನು ನೋಡಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮನುಷ್ಯನ ತಾಳ್ಮೆ. ನೀರಿಗೆ ಇಷ್ಟು ಮರ್ಯಾದೆ ಕೊಟ್ಟವರನ್ನು ನಾನು ಕಂಡಿರಲಿಲ್ಲ. ಬಣ್ಣ ತೆಳುವಾಗಬೇಕು ಅಂದಾಗ ನಾನು ಬಿಳಿ ಬೆರೆಸುತ್ತಿದ್ದೆ. ಐದು ಚೌಕ ಮಾಡಿದ ದಿನ ಗೊತ್ತಾಯಿತು, ಜಲವರ್ಣದಲ್ಲಿ ಕಾಗದವೇ ಬಿಳಿ. ನೀರು ಜಾಸ್ತಿಯಾದಷ್ಟೂ ಕಾಗದ ಹೊರಗೆ ಇಣುಕುತ್ತದೆ. ಬಿಳಿ ಬೆರೆಸಿದ ನೀಲಿ ಸುಣ್ಣ ಬಳಿದ ಹಾಗೆ ಕಾಣುತ್ತದೆ, ನೀರು ಬೆರೆಸಿದ ನೀಲಿಯಲ್ಲಿ ಬೆಳಕು ಇರುತ್ತದೆ. ಇದನ್ನು ಓದಿ ತಿಳಿಯುವುದು ಕಷ್ಟ. ಒಂದು ಸಂಜೆ ಕೂತು ಐದು ಚೌಕ ಹಚ್ಚಿ ನೋಡಿ.

ಇದರ ಪಕ್ಕದ ಪುಟವೂ ಬಣ್ಣದ್ದೇ. ಪ್ಯಾಟ್ರಿಕ್ ಸೈಮ್ ಅನ್ನುವವರು ಎಡಿನ್‌ಬರೋದಲ್ಲಿ ಹೂವಿನ ಚಿತ್ರ ಬರೆಯುತ್ತಿದ್ದವರು. 1814ರಲ್ಲಿ ಅವರು ಬಣ್ಣಗಳ ಹೆಸರಿನ ಒಂದು ಪುಸ್ತಕ ತಂದರು. ಜರ್ಮನಿಯ ಖನಿಜಶಾಸ್ತ್ರಜ್ಞ ವರ್ನರ್ ಕಲ್ಲುಗಳನ್ನು ಗುರುತಿಸಲು ಮಾಡಿಕೊಂಡಿದ್ದ ಬಣ್ಣದ ಪಟ್ಟಿಯನ್ನು ಬೆಳೆಸಿ, 110 ಬಣ್ಣಗಳಿಗೆ ತಂದು ನಿಲ್ಲಿಸಿದರು. ಒಂದೊಂದು ಬಣ್ಣದ ಎದುರಿಗೂ ಮೂರು ಅಂಕಣ. ಆ ಬಣ್ಣ ಯಾವ ಪ್ರಾಣಿಯಲ್ಲಿದೆ, ಯಾವ ಗಿಡದಲ್ಲಿದೆ, ಯಾವ ಕಲ್ಲಿನಲ್ಲಿದೆ. ಪ್ರಷ್ಯನ್ ನೀಲಿಯ ಎದುರಿಗೆ ಗಂಡು ಕಾಡುಬಾತಿನ ರೆಕ್ಕೆಯ ಮೇಲಿನ ಹೊಳೆಯುವ ಮಚ್ಚೆ ಅಂತ ಇದೆ. ಕ್ಯಾಮೆರಾ ಇಲ್ಲದ ಕಾಲ. ಹಕ್ಕಿ ಕಂಡವರು ಅದರ ಬಣ್ಣವನ್ನು ಇನ್ನೊಬ್ಬರಿಗೆ ಹೇಳುವುದು ಹೇಗೆ? ಈ ಪುಸ್ತಕ ಇಬ್ಬರ ಕೈಯಲ್ಲೂ ಇದ್ದರೆ ಹೆಸರು ಹೇಳಿದರೆ ಸಾಕು. ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನ ಪ್ರಯಾಣಕ್ಕೆ ಇದನ್ನು ತೆಗೆದುಕೊಂಡು ಹೋಗಿದ್ದರು. ಇಡೀ ಪುಸ್ತಕ ಇವತ್ತು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ.

ಇಲ್ಲಿ ಒಂದು ಅಡ್ಡಮಾತು ಹೇಳಲೇಬೇಕು. ಸೈಮ್ ಅವರ ಪಟ್ಟಿ ನೋಡುತ್ತಾ ನನಗೆ ಕನ್ನಡದ ಬಣ್ಣದ ಮಾತುಗಳು ನೆನಪಾದವು. ಬೂದಿಯಿಂದ ಬೂದು. ನೇರಳೆ ಹಣ್ಣಿಂದ ನೇರಳೆ. ಕಿತ್ತಳೆಯಿಂದ ಕಿತ್ತಳೆ. ಗಿಳಿಹಸಿರು, ಆಕಾಶನೀಲಿ. ಅವರು ಅಂಕಣ ಹಾಕಿ ಮಾಡಿದ್ದನ್ನು ನಮ್ಮ ಮಾತು ಯಾವಾಗಲೋ ಮಾಡಿಬಿಟ್ಟಿದೆ, ಅಲ್ವಾ? ಅವತ್ತಿನಿಂದ ನನ್ನ ಬಣ್ಣದ ಚೌಕಗಳ ಕೆಳಗೆ ಡಬ್ಬಿಯ ಮೇಲಿನ ಹೆಸರು ಬರೆಯುವುದನ್ನು ನಿಲ್ಲಿಸಿದೆ. ನಾನು ಎಲ್ಲಿ ಕಂಡೆನೋ ಅದನ್ನೇ ಬರೆಯುತ್ತೇನೆ. ಈ ಪುಟದಲ್ಲಿ ನೋಡಿ: ಒದ್ದೆ ಮಣ್ಣು. ಮಾಸಿದ ಪರದೆ. ಮಳೆಗೆ ಮುಂಚಿನ ಮೋಡ. ತುಕ್ಕು ಹಿಡಿದ ಕೀಲಿ. ಬೆಕ್ಕಿನ ಮೂಗು. ಬೆಕ್ಕಿನ ಮೂಗಿನ ಬಣ್ಣ ಬೆರೆಸಲು ಎರಡು ದಿನ ಹಿಡಿಯಿತು.

ಇನ್ನು ಮ್ಯೂಸಿಯಂಗಳ ವಿಷಯ. ಕೊಲಾಜ್, ಅಂದರೆ ಚಿತ್ರದ ಚೂರು ಕತ್ತರಿಸಿ ಅಂಟಿಸುವ ಕೆಲಸ, ಮಾಡುವವರು ಇದನ್ನು ಗಮನ ಕೊಟ್ಟು ಕೇಳಿ, ನಿಮಗೆ ಇದಕ್ಕಿಂತ ದೊಡ್ಡ ಖಜಾನೆ ಬೇರೆ ಇಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ 2012ರಲ್ಲಿ ತನ್ನ ಸಂಗ್ರಹದ ಚಿತ್ರಗಳನ್ನು ದೊಡ್ಡ ಅಳತೆಯಲ್ಲಿ ಇಳಿಸಿಕೊಳ್ಳಲು ಬಿಟ್ಟಿತು. ಬರೀ ನೋಡುವುದಕ್ಕಲ್ಲ, ಕತ್ತರಿಸಿ ಬೇರೆ ಏನಾದರೂ ಮಾಡಿ ಅಂತಲೇ ಕೊಟ್ಟಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರ ಫೆಬ್ರವರಿಯಲ್ಲಿ ಸುಮಾರು 3,75,000 ಚಿತ್ರಗಳನ್ನು ಹಾಗೆ ಬಿಟ್ಟುಕೊಟ್ಟಿತು. 2020ರಲ್ಲಿ ಅಮೆರಿಕದ ಮ್ಯೂಸಿಯಂಗಳ ಗುಂಪಾದ ಸ್ಮಿತ್‌ಸೋನಿಯನ್ ಸಂಸ್ಥೆ 28 ಲಕ್ಷ ಚಿತ್ರಗಳನ್ನು ಕೊಟ್ಟಿತು. ಇವುಗಳ ಮೇಲೆ ಸಿಸಿ ಜೀರೊ ಅಂತ ಒಂದು ಗುರುತು ಇರುತ್ತದೆ. ಹಕ್ಕುಗಳನ್ನು ನಾವು ಇಟ್ಟುಕೊಂಡಿಲ್ಲ, ಯಾರನ್ನೂ ಕೇಳದೆ ಬಳಸಿ ಅಂತ ಅದರ ಅರ್ಥ. ಮ್ಯೂಸಿಯಂನಲ್ಲಿ ಇರುವುದೆಲ್ಲ ಹೀಗೆ ಅಂತ ಅಂದುಕೊಳ್ಳಬೇಡಿ. ಹೊಸ ಕಾಲದ ಕಲಾವಿದರ ಕೆಲಸಕ್ಕೆ ಹಕ್ಕು ಇರುತ್ತದೆ. ಹುಡುಕುವಾಗ ಓಪನ್ ಆಕ್ಸೆಸ್ ಅನ್ನುವ ಆಯ್ಕೆ ಒತ್ತಿಕೊಂಡು ಹುಡುಕಿ. ಆಮೇಲೆ ಆ ಒಂದೊಂದು ಚಿತ್ರದ ಕೆಳಗೂ ಗುರುತು ಇದೆಯಾ ಅಂತ ನೋಡಿ.

ಲಕ್ಷಗಟ್ಟಲೆ ಚಿತ್ರದ ನಡುವೆ ಏನು ಹುಡುಕಬೇಕು ಅಂತ ಕೇಳುತ್ತೀರಿ. ಹೂವು ಅಂತ ಹುಡುಕಬೇಡಿ, ಮುಳುಗಿಹೋಗುತ್ತೀರಿ. ನಾನು ಕೆಲಸದ ಮಾತುಗಳನ್ನು ಹಾಕುತ್ತೇನೆ. ಬಟ್ಟೆಯ ನಮೂನೆ, ಗೋಡೆಗೆ ಅಂಟಿಸುವ ಕಾಗದ, ಪುಸ್ತಕದ ರಟ್ಟಿನ ಒಳಗಿನ ಕಾಗದ, ಸ್ಕೆಚ್‌ಬುಕ್. ಇವುಗಳ ಇಂಗ್ಲಿಷ್ ಪದ ಹಾಕಿ ಹುಡುಕಿ. ದೊಡ್ಡ ಕಲಾವಿದರ ಮುಗಿದ ಚಿತ್ರಕ್ಕಿಂತ ಅವರ ಸ್ಕೆಚ್‌ಬುಕ್ಕು ನಮಗೆ ಜಾಸ್ತಿ ಕಲಿಸುತ್ತದೆ ಅಂತ ನನ್ನ ಅನಿಸಿಕೆ. ಮುಗಿದ ಚಿತ್ರ ನೋಡಿದರೆ ಕೈಕಟ್ಟಿ ನಿಲ್ಲುವ ಹಾಗಾಗುತ್ತದೆ. ಸ್ಕೆಚ್‌ಬುಕ್ಕಿನಲ್ಲಿ ಅವರೂ ಒಂದು ಕೈಯನ್ನು ನಾಲ್ಕು ಸಲ ಬರೆದು ನಾಲ್ಕನ್ನೂ ಹೊಡೆದುಹಾಕಿದ್ದು ಕಾಣುತ್ತದೆ.

ಇಳಿಸಿಕೊಂಡ ಚಿತ್ರವನ್ನು ಪ್ರಿಂಟ್ ಮಾಡುವಾಗ ಒಂದು ಎಚ್ಚರ. ಇಂಕ್‌ಜೆಟ್ ಪ್ರಿಂಟರಿನ ಶಾಯಿ ಸಾಮಾನ್ಯವಾಗಿ ನೀರಿಗೆ ಹರಡುತ್ತದೆ. ಅಂಟು ಹಚ್ಚಿದ ಕೂಡಲೇ ಚಿತ್ರ ಕಲಸಿಹೋಗುತ್ತದೆ. ಲೇಸರ್ ಪ್ರಿಂಟು ಅಥವಾ ಝೆರಾಕ್ಸ್ ಆದರೆ ಆ ಭಯ ಇಲ್ಲ, ಅದರ ಪುಡಿ ಬಿಸಿಗೆ ಕರಗಿ ಕಾಗದಕ್ಕೆ ಕಚ್ಚಿಕೊಂಡಿರುತ್ತದೆ. ನನ್ನ ಒಂಬತ್ತನೇ ಪುಟ ಕಲಸಿಹೋದದ್ದು. ಅದನ್ನು ಹರಿಯದೆ ಇಟ್ಟಿದ್ದೇನೆ, ಮೂಲೆಯಲ್ಲಿ ಕಾರಣ ಬರೆದಿದ್ದೇನೆ.

ಗಿಡ, ಹುಳು, ಹಕ್ಕಿ ಇಷ್ಟಪಡುವವರಿಗೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅಂತ ಇನ್ನೊಂದು ಜಾಗ ಇದೆ. ಹಲವು ದೇಶಗಳ ಗ್ರಂಥಾಲಯಗಳು ಸೇರಿ ಜೀವಜಗತ್ತಿನ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಟ್ಟಿವೆ. ನಾನು ಮಾರಿಯಾ ಸಿಬಿಲಾ ಮೇರಿಯನ್ ಅವರನ್ನು ಚೆನ್ನಾಗಿ ಅರಿತದ್ದು ಅಂಥ ಹಳೆಯ ಪುಟಗಳಿಂದಲೇ. 1699ರಲ್ಲಿ, 52ನೇ ವಯಸ್ಸಿನಲ್ಲಿ, ಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದ ಹೆಂಗಸು. ಹೋದದ್ದು ಹುಳುಗಳನ್ನು ನೋಡುವುದಕ್ಕೆ. 1705ರಲ್ಲಿ ಅದರ ಪುಸ್ತಕ ಬಂತು, 60 ಚಿತ್ರಫಲಕ. ಅವರು ಪುಟ ಕಟ್ಟುವ ರೀತಿ ನೋಡಿ ನಾನು ಬೆರಗಾದೆ. ಕಂಬಳಿಹುಳು, ಅದರ ಗೂಡು, ಅದರಿಂದ ಹೊರಬಂದ ಚಿಟ್ಟೆ, ಅದು ತಿನ್ನುವ ಗಿಡ, ಎಲ್ಲ ಒಂದೇ ಪುಟದಲ್ಲಿ. ಹಲವು ವಾರ ನಡೆದದ್ದು ಒಂದೇ ನೋಟಕ್ಕೆ ಸಿಗುತ್ತದೆ.

ಅದನ್ನು ನೋಡಿ ನಾನು ಮಾಡಿದ ಪುಟ ಇದು. ಕಿಟಕಿಯಲ್ಲಿದ್ದ ಕುಂಡದ ಒಂದೇ ಎಲೆ. ಸುರುಳಿ ಬಿಚ್ಚುವಾಗ, ಅಗಲವಾದಾಗ, ಅಂಚು ಹಳದಿಯಾದಾಗ, ಉದುರಿದಾಗ. ಈ ಪುಟ ಮುಗಿಯಲು ಏಳು ವಾರ ಬೇಕಾಯಿತು. ಮೂರು ದಿನದ ಕಟ್ಟಳೆ ಇಲ್ಲಿ ಮುರಿಯಿತಲ್ಲ ಅಂತ ನೀವು ಕೇಳಬಹುದು. ಶುರು ಮಾಡಿದ್ದು ಮೂರು ದಿನದೊಳಗೇ.

ಈ ನೀಲಿ ಹಾಳೆ ನೋಡಿ ಎಲ್ಲರೂ ಪೇಂಟಿಂಗಾ ಅಂತ ಕೇಳುತ್ತಾರೆ. ಅಲ್ಲ, ಇದು ಬಿಸಿಲು ಬರೆದದ್ದು. ಸೈನೋಟೈಪ್ ಅನ್ನುತ್ತಾರೆ. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ವಿಧಾನ. ಕಬ್ಬಿಣದ ಲವಣ ಹಚ್ಚಿದ ಕಾಗದದ ಮೇಲೆ ಎಲೆ ಇಟ್ಟು ಬಿಸಿಲಿಗೆ ಹಿಡಿಯುವುದು, ಆಮೇಲೆ ಬರೀ ನೀರಲ್ಲಿ ತೊಳೆಯುವುದು. ಬಿಸಿಲು ತಾಗಿದಲ್ಲಿ ನೀಲಿ, ಎಲೆ ಮುಚ್ಚಿದಲ್ಲಿ ಬಿಳಿ. ಮರುವರ್ಷವೇ, 1843ರಲ್ಲಿ, ಆನಾ ಆಟ್ಕಿನ್ಸ್ ಇದೇ ವಿಧಾನದಲ್ಲಿ ಸಮುದ್ರದ ಪಾಚಿಗಳ ಪುಸ್ತಕದ ಮೊದಲ ಭಾಗ ತಂದರು. ಫೋಟೊಗಳಿರುವ ಮೊದಲ ಪುಸ್ತಕ ಅಂತ ಅದನ್ನು ಗುರುತಿಸುತ್ತಾರೆ. ಅದರ ಅಕ್ಷರಗಳೂ ಅವರದೇ ಕೈಬರಹ, ಅದೇ ನೀಲಿಯಲ್ಲಿ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ತನ್ನ ಪ್ರತಿಯನ್ನು ಪುಟಪುಟವಾಗಿ ಇಂಟರ್‌ನೆಟ್ಟಿನಲ್ಲಿ ಇಟ್ಟಿದೆ. ಮಕ್ಕಳ ಜೊತೆ ಮಾಡುವುದಾದರೆ ಲವಣ ಮೊದಲೇ ಹಚ್ಚಿದ ಕಾಗದವೇ ಸಿಗುತ್ತದೆ, ಅದನ್ನು ತೆಗೆದುಕೊಳ್ಳಿ. ತೊಳೆದ ತಕ್ಷಣ ಬಣ್ಣ ಪೇಲವ ಅನಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಒಣಗುತ್ತಾ ಗಾಳಿಗೆ ಅದು ಕಡುನೀಲಿಗೆ ತಿರುಗುತ್ತದೆ. ಒಂದು ದಿನ ಕಾಯಿರಿ.

ಬಿಸಿಲು ಬರೆಯುತ್ತದೆ, ಬಿಸಿಲು ಅಳಿಸುತ್ತದೆ ಕೂಡ. ನನಗೆ ಬಹಳ ನೋವಾದ ಒಂದು ಪುಟ ಇದು. ಸ್ನೇಹಿತೆಗೆ ಕೊಡಲು ಮಾಡಿದ್ದ ಹೊಳೆಯುವ ಗುಲಾಬಿ ಬಣ್ಣದ ಚಿತ್ರ. ಅವಳು ಪ್ರೀತಿಯಿಂದ ಗೋಡೆಗೆ ಹಾಕಿದಳು. ಒಂದು ವರ್ಷದೊಳಗೆ ಗುಲಾಬಿ ಹೋಗಿ ಬೂದು ಉಳಿಯಿತು. ಅವಳು ಏನೂ ಅನ್ನಲಿಲ್ಲ. ನಾನು ಮನೆಗೆ ಹೋದಾಗ ನೋಡಿ ಮಾತು ನಿಂತುಹೋಯಿತು. ಆಮೇಲೆ ಅದನ್ನು ವಾಪಸ್ ತಂದು ಇಲ್ಲಿ ಅಂಟಿಸಿ, ಬೇರೆ ಬಣ್ಣದಲ್ಲಿ ಇನ್ನೊಂದು ಮಾಡಿಕೊಟ್ಟೆ.

ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ರೂಸ್ ಮ್ಯಾಕಿವಾಯ್ ಅವರ ಹ್ಯಾಂಡ್‌ಪ್ರಿಂಟ್ ಅನ್ನುವ ತಾಣ. ನೋಡಲು ಅಲಂಕಾರ ಏನೂ ಇಲ್ಲ, ಬರೀ ಉದ್ದುದ್ದ ಬರಹ. ಆದರೆ ಜಲವರ್ಣದ ಬಗ್ಗೆ ಇಷ್ಟು ಆಳವಾಗಿ ಬರೆದು ಉಚಿತವಾಗಿ ಇಟ್ಟವರು ಕಡಿಮೆ. ಅದನ್ನು ಓದಿದ ಮೇಲೆ ನಾನು ಟ್ಯೂಬಿನ ಮುಂದುಗಡೆಯ ಚೆಂದದ ಹೆಸರು ನೋಡುವುದು ಬಿಟ್ಟು ಸಣ್ಣ ಅಕ್ಷರದ ಸಂಕೇತ ಓದಲು ಕಲಿತೆ. ಪಿಬಿ 29 ಅಂತಿದ್ದರೆ ಅಲ್ಟ್ರಾಮರೀನ್ ನೀಲಿ. ಪಿ ಅಂದರೆ ಪಿಗ್ಮೆಂಟ್, ಬಣ್ಣ ಕೊಡುವ ಪುಡಿ. ಬಿ ಅಂದರೆ ಬ್ಲೂ. ಯಾವ ಕಂಪನಿ ಯಾವ ಹೆಸರಿಟ್ಟರೂ ಒಳಗಿನ ಬಣ್ಣ ಅದೇ. ಪಿಆರ್ 83 ಅಂದರೆ ಹಳೆಯ ಅಲಿಜರಿನ್ ಕೆಂಪು. ತೆಳುವಾಗಿ ಹಚ್ಚಿ ಬೆಳಕಿಗೆ ಇಟ್ಟರೆ ಮಾಸುತ್ತದೆ. ಕಣ್ಣು ಕುಕ್ಕುವ ಫ್ಲೋರೊಸೆಂಟ್ ಗುಲಾಬಿಗಳ ಕಥೆಯೂ ಅದೇ.

ಇದಕ್ಕೆ ಮನೆಯಲ್ಲೇ ಮಾಡುವ ಪರೀಕ್ಷೆ ಇದೆ. ಒಂದು ಪಟ್ಟಿ ಕಾಗದದ ಮೇಲೆ ನಿಮ್ಮ ಎಲ್ಲ ಬಣ್ಣ, ಎಲ್ಲ ಪೆನ್ನಿನ ಗೆರೆ ಎಳೆಯಿರಿ. ಉದ್ದಕ್ಕೆ ಅರ್ಧ ಭಾಗ ದಪ್ಪ ಕಾಗದದಿಂದ ಮುಚ್ಚಿ. ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ತಾರೀಖು ಬರೆಯಿರಿ. ಮೂರು ತಿಂಗಳ ಮೇಲೆ ಮುಚ್ಚಿದ್ದನ್ನು ತೆಗೆದು ನೋಡಿ. ನನ್ನ ಪಟ್ಟಿ ಇಲ್ಲಿದೆ. ಈ ಎರಡು ಸ್ಕೆಚ್‌ಪೆನ್ನುಗಳ ಗೆರೆ ಅರ್ಧ ದಾರಿಯಲ್ಲಿ ನಿಂತುಹೋದ ಹಾಗಿದೆ. ಹಾಗಂತ ಆ ಪೆನ್ನು ಎಸೆಯಬೇಕಿಲ್ಲ. ಮುಚ್ಚಿಟ್ಟ ಪುಸ್ತಕದೊಳಗೆ ಬೆಳಕೇ ಇಲ್ಲ, ಅಲ್ಲಿ ಯಾವ ಬಣ್ಣವನ್ನಾದರೂ ಧೈರ್ಯವಾಗಿ ಬಳಸಿ. ಗೋಡೆಗೆ ಹೋಗುವುದಕ್ಕೆ, ಇನ್ನೊಬ್ಬರಿಗೆ ಕೊಡುವುದಕ್ಕೆ ಮಾತ್ರ ಈ ಯೋಚನೆ ಇರಲಿ.

ಹೊಲಿಗೆಯವರು ಕಾಯುತ್ತಿದ್ದೀರಿ. ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್ ಅಂತ ಇಂಗ್ಲೆಂಡಿನ ಕಸೂತಿ ಶಾಲೆ, 1872ರಲ್ಲಿ ಶುರುವಾದದ್ದು. ಅವರು 2021ರಲ್ಲಿ ಸ್ಟಿಚ್ ಬ್ಯಾಂಕ್ ಅಂತ ಒಂದು ಕೆಲಸ ಆರಂಭಿಸಿದರು. ಪ್ರಪಂಚದ ಹೊಲಿಗೆಗಳನ್ನು ಒಂದೊಂದಾಗಿ ದಾಖಲು ಮಾಡಿ ಉಚಿತವಾಗಿ ಇಡುತ್ತಿದ್ದಾರೆ. ಒಂದು ಹೊಲಿಗೆ ತೆರೆದರೆ ವಿಡಿಯೊ ಇದೆ, ಹಂತಹಂತದ ಚಿತ್ರ ಇದೆ, ಅದರ ಹಿನ್ನೆಲೆಯೂ ಇದೆ. ವಿಡಿಯೊದಲ್ಲಿ ಕೈ ಮತ್ತು ಸೂಜಿ ಮಾತ್ರ. ಸಂಗೀತ ಇಲ್ಲ, ಗದ್ದಲ ಇಲ್ಲ. ಕಲಿಯುವವರಿಗೆ ಬೇಕಾದದ್ದು ಇಂಥದ್ದು.

ನಾನು ಈ ಹೊಲಿಗೆಗಳನ್ನು ಕಾಗದದ ಮೇಲೆ ಹಾಕುತ್ತೇನೆ. ಕಾಗದ ಬಟ್ಟೆಯ ಹಾಗೆ ಕ್ಷಮಿಸುವುದಿಲ್ಲ. ಮೊದಲು ಪುಟದ ಕೆಳಗೆ ದಪ್ಪ ಬಟ್ಟೆಯ ಮಡಿಕೆ ಇಟ್ಟು, ಸೂಜಿಯಿಂದ ಎಲ್ಲ ತೂತು ಚುಚ್ಚಿಕೊಳ್ಳಿ. ಆಮೇಲೆ ದಾರ ಹಾಕಿ. ತೂತುಗಳ ನಡುವೆ ಜಾಗ ಬಿಡಿ, ಒತ್ತೊತ್ತಾಗಿ ಚುಚ್ಚಿದರೆ ಅಂಚೆಚೀಟಿ ಹರಿದ ಹಾಗೆ ಹರಿದುಬರುತ್ತದೆ. ಸರಪಳಿ ಹೊಲಿಗೆ ಕಾಗದದ ಮೇಲೆ ಬಹಳ ಚೆನ್ನಾಗಿ ಕೂರುತ್ತದೆ. ಹಿಂಬದಿಯ ಪುಟದಲ್ಲಿ ಕಾಣುವ ದಾರದ ಗೆರೆಗಳನ್ನು ನಾನು ಮುಚ್ಚುವುದಿಲ್ಲ. ಅದರ ಸುತ್ತಲೇ ಮುಂದಿನ ಚಿತ್ರ ಶುರುಮಾಡುತ್ತೇನೆ.

ಆಂಟೀಕ್ ಪ್ಯಾಟರ್ನ್ ಲೈಬ್ರರಿ ಅನ್ನುವ ಇನ್ನೊಂದು ತಾಣದಲ್ಲಿ ಹಕ್ಕಿನ ಕಾಲ ಮುಗಿದ ಹಳೆಯ ಕಸೂತಿ, ಕ್ರೋಶಾ ಪುಸ್ತಕಗಳ ಸ್ಕ್ಯಾನ್ ಇವೆ. ಅಲ್ಲಿನ ಕ್ರಾಸ್ ಸ್ಟಿಚ್ ನಕ್ಷೆಗಳನ್ನು ಚೌಕದ ಹಾಳೆಯ ಮೇಲೆ ಬಣ್ಣದ ಪೆನ್ಸಿಲ್ಲಿನಲ್ಲಿ ತುಂಬಿ ನೋಡಿ. ದಾರವೇ ಬೇಕಿಲ್ಲ.

ಹೆಣಿಗೆಯವರಿಗೆ 2007ರಿಂದ ಇರುವ ರಾವೆಲ್ರಿ ಅನ್ನುವ ಹೆಣಿಗೆ ನಮೂನೆಗಳ ತಾಣ ಗೊತ್ತೇ ಇರುತ್ತದೆ. ಅದರಲ್ಲಿ ನಾನು ನಮೂನೆಗಿಂತ ಮೊದಲು ಅದನ್ನು ಹೆಣೆದವರ ಟಿಪ್ಪಣಿ ಓದುತ್ತೇನೆ. ತೋಳು ಉದ್ದವಾಯಿತು, ಎರಡು ಸಾಲು ಕಡಿಮೆ ಮಾಡಿದೆ, ಈ ನೂಲು ತೊಳೆದ ಮೇಲೆ ಜಗ್ಗಿತು ಅಂತ ಜನ ಬರೆದಿಟ್ಟಿರುತ್ತಾರೆ. ಗುರುತು ಪರಿಚಯ ಇಲ್ಲದವರು ನಮಗಾಗಿ ಬಿಟ್ಟುಹೋದ ಬುದ್ಧಿ ಅದು.

ಈಚೆಗೆ ಅಂಥ ಟಿಪ್ಪಣಿ ಇನ್ನೂ ಮುಖ್ಯವಾಗಿದೆ. ಕಂಪ್ಯೂಟರ್ ತಾನೇ ಹುಟ್ಟಿಸಿದ ಕ್ರೋಶಾ ಗೊಂಬೆಗಳ, ಕಸೂತಿಗಳ ಚಿತ್ರಗಳು ಎಲ್ಲೆಡೆ ಬರುತ್ತಿವೆ. ನೋಡಲು ಮುದ್ದಾಗಿರುತ್ತವೆ. ಹತ್ತಿರದಿಂದ ನೋಡಿದರೆ ದಾರ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಗೊತ್ತಾಗುವುದಿಲ್ಲ. ಅಂಥ ಚಿತ್ರದ ಜೊತೆ ನಮೂನೆಯನ್ನೂ ಮಾರುತ್ತಾರೆ, ಅದರಂತೆ ಮಾಡಿದರೆ ಆ ಗೊಂಬೆ ಆಗುವುದೇ ಇಲ್ಲ. ಹೊಸದಾಗಿ ಕಲಿಯುವವರು ತಪ್ಪು ತಮ್ಮ ಕೈಯದೇ ಅಂದುಕೊಂಡು ಸೂಜಿ ಕೆಳಗಿಡುತ್ತಾರೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ. ಹಾಗಾಗಿ ಮೂರು ಸಂಗತಿ ನೋಡಿಕೊಳ್ಳಿ. ಹಿಂಬದಿಯ ಫೋಟೊ ಇದೆಯಾ? ಅರ್ಧ ಆದಾಗಿನ ಫೋಟೊ ಇದೆಯಾ? ಬೇರೆ ಯಾರಾದರೂ ಅದನ್ನು ಮಾಡಿ ತೋರಿಸಿದ್ದಾರಾ? ಕೈಯಿಂದ ಮಾಡಿದವರ ಹತ್ತಿರ ಇವು ಇದ್ದೇ ಇರುತ್ತವೆ.

ಬಹಳ ಹೊತ್ತು ಮಾತಾಡಿದೆ, ಈಗ ನೀವು ಕೈ ಆಡಿಸಿ. ಒಳಗೆ ಬರುವಾಗ ಒಂದು ಹಾಳೆ ಕೊಟ್ಟಿದ್ದಾರಲ್ಲ, ಅದನ್ನು ತೆಗೆದುಕೊಳ್ಳಿ. ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ, ಇನ್ನೊಮ್ಮೆ ಅರ್ಧಕ್ಕೆ. ಬಿಚ್ಚಿ. ಎಂಟು ಮನೆ ಕಾಣುತ್ತವೆ. ಈಗ ಅಗಲದ ಮಗ್ಗುಲುಗಳು ಒಂದರ ಮೇಲೊಂದು ಬರುವ ಹಾಗೆ ಒಮ್ಮೆ ಮಾತ್ರ ಮಡಚಿ. ಮಡಿಕೆ ಇರುವ ಕಡೆಯಿಂದ ನಡುವಿನ ಗೆರೆಯ ಮೇಲೆ ಒಂದು ಮನೆಯಷ್ಟು ಕತ್ತರಿಸಿ. ಕತ್ತರಿ ಇಲ್ಲದವರು ಮೆಲ್ಲಗೆ ಹರಿಯಿರಿ. ಮತ್ತೆ ಬಿಚ್ಚಿ, ಉದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿ. ನಡುವೆ ಬಾಯಿ ತೆರೆಯುತ್ತದೆ, ಪೂರ್ತಿ ತಳ್ಳಿದರೆ ನಾಲ್ಕು ರೆಕ್ಕೆ ಆಗುತ್ತದೆ. ಸುತ್ತಿಕೊಳ್ಳಿ. ಎಂಟು ಪುಟದ ಪುಸ್ತಕ ಆಯಿತು. ಅಂಟಿಲ್ಲ, ಹೊಲಿಗೆಯಿಲ್ಲ. ಇನ್ನೂ ಆಗದವರು ಪಕ್ಕದವರದ್ದನ್ನು ಬಿಚ್ಚಿ ನೋಡಿ, ಹಾಗೆ ಬೇಗ ಬರುತ್ತದೆ.

ಕೆಲವರ ಮಡಿಕೆ ನುಣ್ಣಗೆ ಬಂದಿಲ್ಲ, ಅಂಚು ಮುರಿದ ಹಾಗಾಗಿದೆ. ಅದು ಕಾಗದದ ಎಳೆಯ ಸಂಗತಿ. ಯಂತ್ರದಲ್ಲಿ ಮಾಡಿದ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೆ ಮಡಚಿದರೆ ಸಲೀಸು, ಅಡ್ಡಕ್ಕೆ ಮಡಚಿದರೆ ಹಟ ಮಾಡುತ್ತದೆ. ಹಾಳೆಯನ್ನು ಮಡಚದೆ ಎರಡೂ ಕಡೆಗೆ ಸುಮ್ನೆ ಬಾಗಿಸಿ ನೋಡಿ, ಯಾವ ಕಡೆಗೆ ಸುಲಭವಾಗಿ ಬಾಗುತ್ತದೋ ಆ ಬಾಗಿದ ಗೆರೆಯ ಉದ್ದಕ್ಕೆ ಎಳೆ ಹೋಗಿದೆ. ದೊಡ್ಡ ಪುಸ್ತಕ ಹೊಲಿಯುವಾಗ ಎಳೆ ಬೆನ್ನಿನ ಉದ್ದಕ್ಕೆ ಇರಬೇಕು. ಇಲ್ಲದಿದ್ದರೆ ಅಂಟು ಹಚ್ಚಿದ ಮೇಲೆ ಪುಟಗಳು ಅಲೆ ಅಲೆಯಾಗುತ್ತವೆ, ಪುಸ್ತಕ ಚಪ್ಪಟೆಯಾಗಿ ತೆರೆದುಕೊಳ್ಳುವುದಿಲ್ಲ.

ಇಷ್ಟು ದಿನ ಬಿಡದೆ ಚಿತ್ರ ಬರೆಯಿರಿ ಅನ್ನುವ ಆನ್‌ಲೈನ್ ಸವಾಲುಗಳ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ಜೇಕ್ ಪಾರ್ಕರ್ 2009ರಲ್ಲಿ ಶುರುಮಾಡಿದ ಇಂಕ್‌ಟೋಬರ್ ಬಗ್ಗೆ, ಅಕ್ಟೋಬರಿನ 31 ದಿನವೂ ಶಾಯಿಯ ಚಿತ್ರ. ಮಾಡಿ, ಒಳ್ಳೆಯದೇ. ಆದರೆ ಮೊದಲ ವರ್ಷ ವಾರಕ್ಕೊಂದು ಮಾಡಿದರೆ ಸಾಕು. ನನಗೆ ಜಾಸ್ತಿ ಕೊಟ್ಟದ್ದು ಅರ್ಬನ್ ಸ್ಕೆಚರ್ಸ್. ಪತ್ರಿಕೆಯ ಚಿತ್ರಕಾರ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಶುರುಮಾಡಿದ ಬಳಗ. ಫೋಟೊ ನೋಡಿ ಬರೆಯುವುದಲ್ಲ, ಜಾಗದಲ್ಲೇ ಕೂತು ಎದುರಿಗಿರುವುದನ್ನು ಬರೆಯಬೇಕು, ಕಂಡದ್ದಕ್ಕೆ ನಿಜವಾಗಿರಬೇಕು ಅನ್ನುವುದು ಅವರ ನಿಯಮ. ಬಸ್ಸು ಹೊರಡುವುದರೊಳಗೆ ಮುಗಿಸಬೇಕಾದ ಚಿತ್ರದಲ್ಲಿ ಒಂದು ಜೀವ ಇರುತ್ತದೆ.

ಕೊನೆಗೆ, ಹಂಚಿಕೊಳ್ಳುವ ವಿಷಯ. ಚೆಂದದ ಚಿತ್ರ ಕಂಡ ಕೂಡಲೇ ಮುಂದಕ್ಕೆ ಕಳಿಸುತ್ತೇವೆ, ಮಾಡಿದವರ ಹೆಸರು ದಾರಿಯಲ್ಲೇ ಬಿದ್ದುಹೋಗುತ್ತದೆ. ಹೆಸರಿಲ್ಲದ ಚಿತ್ರ ಬಂದರೆ ಅದನ್ನೇ ಹಾಕಿ ಹುಡುಕುವ ಸೌಲಭ್ಯ ಇದೆ. ಮೂಲ ಸಿಗುವವರೆಗೆ ಹುಡುಕಿ, ಹೆಚ್ಚಿನ ಸಲ ಸಿಗುತ್ತದೆ. ಸಿಕ್ಕಾಗ ಆ ಒಬ್ಬರ ಹತ್ತಿರ ಅಂಥ ಇನ್ನೂ ನೂರು ಕೆಲಸ ಇರುತ್ತವೆ, ನಿಮಗೇ ಲಾಭ.

ತಾಣಗಳು ಮುಚ್ಚಿಹೋಗುತ್ತವೆ ಅನ್ನುವುದೂ ನೆನಪಿರಲಿ. ಈ 34ನೇ ಪುಟದ ಕಾಗದದ ಲಾಟೀನು ನನಗೆ ಕಲಿಸಿದವರ ತಾಣ ಒಂದು ದಿನ ತೆರೆಯಲೇ ಇಲ್ಲ. ಲಿಂಕು ಇಟ್ಟುಕೊಂಡಿದ್ದೆ, ಲಿಂಕಿನ ಹಿಂದೆ ಏನೂ ಇರಲಿಲ್ಲ. ಇಂಟರ್‌ನೆಟ್ ಆರ್ಕೈವ್ ಅನ್ನುವ ಸಂಸ್ಥೆ 1996ರಿಂದ ಹಳೆಯ ಪುಟಗಳ ಪ್ರತಿ ಇಡುತ್ತಾ ಬಂದಿದೆ. ಅದರ ವೇಬ್ಯಾಕ್ ಮಷೀನಿನಲ್ಲಿ ವಿಳಾಸ ಹಾಕಿದರೆ ಕೆಲವೊಮ್ಮೆ ಸಿಗುತ್ತದೆ. ನಿಮಗೆ ಬೇಕಾದ ಪುಟವನ್ನು ನೀವೇ ಅಲ್ಲಿ ಉಳಿಸಲೂಬಹುದು. ಆ ಲಾಟೀನು ಅಲ್ಲೂ ಸಿಗಲಿಲ್ಲ. ಆದರೆ ಮಡಿಕೆಗಳ ಕ್ರಮ ಇಲ್ಲಿ ನನ್ನ ಕೈಬರಹದಲ್ಲಿದೆ, ಮೂಲೆಯಲ್ಲಿ ಕಲಿಸಿದವರ ಹೆಸರಿದೆ. ಇದನ್ನು ನೋಡಿ ಇಲ್ಲಿಯವರೆಗೆ ಆರು ಜನ ಲಾಟೀನು ಮಾಡಿದ್ದಾರೆ.

ಈ ಪುಸ್ತಕವನ್ನು ಈಗ ಮುಂದಿನ ಸಾಲಿನಿಂದ ಕಳಿಸುತ್ತೇನೆ. ಪುಟ ಮುಟ್ಟಿ ನೋಡಿ, ಹೊಲಿಗೆಯ ಹಿಂಬದಿ ತಿರುಗಿಸಿ ನೋಡಿ, ಏನೂ ಹಾಳಾಗುವುದಿಲ್ಲ. 62ನೇ ಪುಟ ಖಾಲಿ ಇದೆ. ಅದರ ಜೊತೆ ಒಂದು ಪೆನ್ಸಿಲ್ ಕಟ್ಟಿದ್ದೇನೆ. ನೀವು ಎಲ್ಲೋ ನೋಡಿ, ಕೈಯಾರೆ ಮಾಡಿದ ಒಂದು ಸಂಗತಿ ಅಲ್ಲಿ ಬರೆಯಿರಿ. ಮಾಡಿದವರ ಹೆಸರು ಗೊತ್ತಿದ್ದರೆ ಅದನ್ನೂ ಹಾಕಿ. ಇವತ್ತಿಗೆ ಮೂರು ದಿನದೊಳಗೆ ಅದರಲ್ಲಿ ಒಂದನ್ನು ನಾನು ಶುರುಮಾಡುತ್ತೇನೆ.